ರೆಕ್ಕೆ ಎತ್ತಿ ಕೂಡಿಸಿದ ವಿಮಾನ

ನಾನು ಲಾರಿಗಳಿಗೆ ಮರದ ಬಾಡಿ ಕಟ್ಟುವವನು. ಬಳ್ಳಾರಿಯಲ್ಲಿ ಸಿರುಗುಪ್ಪ ರಸ್ತೆಗೆ ಹತ್ತಿಕೊಂಡು ನನ್ನ ಶೆಡ್ಡು ಇತ್ತು. ಆ ಶೆಡ್ಡಿನಿಂದ ಹೊರಬಿದ್ದ ಲಾರಿಗಳು ಕಲಕತ್ತೆಯ ತನಕ ಹೋಗಿ ಬಂದಿವೆ, ಒಂದರ ಹಲಗೆಯೂ ಸಡಿಲಾಗಿ ವಾಪಸು ಬಂದಿಲ್ಲ. ವಿಮಾನ ಮಾತ್ರ ಒಂದೇ ಒಂದು ಮಾಡಿದ್ದೇನೆ. ಅದು ಕುರುಗೋಡಿನ ತನಕ ಹೋಯಿತು, ಬಸ್ಸಿನಲ್ಲಿ.

ಹುಟ್ಟಿದ್ದು ಸಿರುಗುಪ್ಪ. ಸಾಲಿ ನಾಲ್ಕನೇ ಕ್ಲಾಸಿಗೆ ಬಿಟ್ಟೆ. ಬಿಡಿಸಿದರು ಅಂತ ಹೇಳುವವರಿದ್ದಾರೆ, ಸುಳ್ಳು, ನಾನೇ ಬಿಟ್ಟೆ. ಊರಿನ ಅಕ್ಕಿ ಗಿರಣಿಗಳಲ್ಲಿ ಭತ್ತ ಜಾರಿಬರುವ ಮರದ ದೋಣಿಗಳಿರುತ್ತಿದ್ದವು. ಅವನ್ನು ರಿಪೇರಿ ಮಾಡುವ ಮೇಸ್ತ್ರಿಯ ಹತ್ತಿರ ಉಳಿ ಹಿಡಿಯುವುದು ಕಲಿತೆ. ಮೀಸೆ ಬರುವ ಹೊತ್ತಿಗೆ ಬಳ್ಳಾರಿಗೆ ಬಂದು ಲಾರಿ ಕೆಲಸಕ್ಕೆ ಸೇರಿದೆ. ಮರಗೆಲಸ ನಮ್ಮ ಮನೆತನದ ಕಸುಬಲ್ಲ, ನಾವು ಒಕ್ಕಲುತನದವರು. ಆದರೂ ನನ್ನ ಕೆಲಸಕ್ಕೆ ಯಾರೂ ಹೆಸರಿಟ್ಟಿಲ್ಲ. ಒಬ್ಬನೇ ಇಟ್ಟದ್ದು, ಅವನಿಗೆ ಕಣ್ಣು ಕಾಣುತ್ತಿರಲಿಲ್ಲ.

ನಮ್ಮ ಅಕ್ಕನನ್ನು ಕೊಟ್ಟದ್ದು ಕುರುಗೋಡಿಗೆ. ಅವಳ ಗಂಡ, ನಮ್ಮ ಮಾವ, ಮದುವೆಗೆ ಮುಂಚೆಯೇ ಮನೆಯಲ್ಲಿ ಹೇಳದೆ ಕೇಳದೆ ವಾಯುಸೇನೆಗೆ ಸೇರಿಬಿಟ್ಟಿದ್ದ. ವಿಮಾನ ಹಾರಿಸುವವನಲ್ಲ, ನೆಲದ ಮೇಲೆ ಅದನ್ನು ನೋಡಿಕೊಳ್ಳುವವನು. ಎಪ್ಪತ್ತೊಂದರ ಯುದ್ಧದಲ್ಲಿ ನ್ಯಾಟ್ ಅನ್ನುವ ಸಣ್ಣ ಫೈಟರ್ ವಿಮಾನದ ಮೈ ಅವನ ಕೈಯಲ್ಲಿ ಇತ್ತು. ತಗಡು, ರಿವೆಟ್ಟು, ರೆಕ್ಕೆ, ಬಾಲ, ಎಲ್ಲ. ಹದಿನೈದು ವರ್ಷದ ನೌಕರಿ ಮುಗಿಸಿ ಊರಿಗೆ ಬಂದಾಗ ಅವನಿಗೆ ಸಿಕ್ಕ ಹೆಸರು "ಅಡಗಿ ಮಾಸ್ತರ".

ಕಾರಣ ಇಷ್ಟೇ. ಮಾವ ಟ್ರೇನಿಂಗಿನಲ್ಲಿದ್ದಾಗ ಕುರುಗೋಡಿನ ಶೇಂಗಾ ವ್ಯಾಪಾರಿಯೊಬ್ಬ ಬೆಂಗಳೂರಿಗೆ ಹೋಗಿದ್ದ. ಊರ ಹುಡುಗ ಅಂತ ಪ್ರೀತಿಯಿಂದ ನೋಡಲು ಹೋದ. ಹೊಸಬರು ಸರದಿ ಪ್ರಕಾರ ಅಡುಗೆಮನೆ ಚಾಕರಿ ಮಾಡಬೇಕಂತೆ. ಆವತ್ತು ಮಾವನ ಸರದಿ. ವ್ಯಾಪಾರಿ ಕಂಡದ್ದು ಆಲೂಗಡ್ಡೆಯ ಗುಡ್ಡ, ಅದರ ಹಿಂದೆ ಕೂತು ಸುಲಿಯುತ್ತಿದ್ದ ನಮ್ಮ ಮಾವ. ಬಂದು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಹೇಳಿದ. ಅಷ್ಟು ಸಾಕಾಯಿತು.

ಮಾವ ಬರುವಾಗ ಒಂದು ಫೋಟೋ ತಂದಿದ್ದ. ವಿಮಾನದ ರೆಕ್ಕೆಯ ಮೇಲೆ ಕೈಯಿಟ್ಟು ನಿಂತಿದ್ದಾನೆ. ಊರಿಗೆಲ್ಲ ತೋರಿಸಿದ. ಊರಿನವರು ನೋಡಿ, ಹಿಂದೆಮುಂದೆ ತಿರುಗಿಸಿ, "ಬಳ್ಳಾರಿ ಸ್ಟುಡಿಯೋದಾಗ ಇಂಥವು ಇರ್ತಾವ ಬಿಡ್ರಿ" ಅಂದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆಗ ಸ್ಟುಡಿಯೋಗಳಲ್ಲಿ ರಟ್ಟಿನ ವಿಮಾನ ಇಟ್ಟಿರುತ್ತಿದ್ದರು. ಅದರ ಹಿಂದೆ ನಿಂತರೆ ಕಿಟಕಿಯಲ್ಲಿ ಮುಖ ಬರುತ್ತದೆ. ಮದುವೆಯಾದ ಹೊಸದರಲ್ಲಿ ನಾನೂ ನನ್ನ ಹೆಂಡತಿಯೂ ಅಂಥದರಲ್ಲಿ ಕೂತಿದ್ದೇವೆ. ಅರ್ಧ ಬಳ್ಳಾರಿ ಆ ವಿಮಾನದಲ್ಲಿ ಕೂತಿದೆ.

ಊರಿನ ಮಾತನ್ನು ಮಾವ ನುಂಗಿಕೊಂಡ. ನುಂಗಲಾರದೆ ಹೋದದ್ದು ಅವನ ಅಪ್ಪನ ಮಾತು. ಆ ಅಜ್ಜ ಎತ್ತು ಆರಿಸುವುದರಲ್ಲಿ ಸುತ್ತಲಿನ ಹಳ್ಳಿಗಳಿಗೆಲ್ಲ ಬೇಕಾದವನು. ಕೊಳಗಲ್ಲಿನಿಂದ, ಕುಡತಿನಿಯಿಂದ ಜನ ಬಂದು ಕರೆದುಕೊಂಡು ಹೋಗುತ್ತಿದ್ದರು. ಕಣ್ಣಿಗೆ ಪೊರೆ ಬಂದು, ಯಾರದೋ ಮಾತು ಕೇಳಿ ಏನೋ ರಸ ಬಿಟ್ಟುಕೊಂಡು, ಎರಡೂ ಕಣ್ಣು ಕಳೆದುಕೊಂಡಿದ್ದ. ಆಮೇಲೂ ಎತ್ತಿನ ಮೈಮೇಲೆ ಕೈಯಾಡಿಸಿ ವಯಸ್ಸು ಹೇಳುತ್ತಿದ್ದ. ಮಗನ ನೌಕರಿಯ ಬಗ್ಗೆ ಮಾತ್ರ ಒಂದು ದಿನವೂ ಒಂದು ಪ್ರಶ್ನೆ ಕೇಳಿದವನಲ್ಲ. ಸಂಜೆ ಕಟ್ಟೆಯ ಮೇಲೆ ಮಾವ ನಾಲ್ಕು ಜನಕ್ಕೆ ಯುದ್ಧದ ಸಂಗತಿ ಹೇಳುತ್ತಿದ್ದರೆ ಅಜ್ಜ ಹೊರಸಿನ ಮೇಲೆ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದ. ಒಮ್ಮೆ ಮಾವ, ನ್ಯಾಟ್ ಅಂದರೆ ನುಸಿ ಅಂತ ಅರ್ಥ, ಅಷ್ಟು ಸಣ್ಣ ವಿಮಾನ ಅದು ಅಂದಾಗ ಗೋಡೆಯ ಕಡೆಯಿಂದಲೇ ಮಾತು ಬಂತು: "ನುಸಿ ಕಾಯಾಕ ಹೋಗಿದ್ದಿ ಅನ್ನು. ಇಲ್ಲಿ ಕೊಟ್ಟಿಗ್ಯಾಗ ಬೇಕಾದಷ್ಟು ಇದ್ವಲ್ಲೋ."

ಅದಾದ ಕೆಲವು ದಿನಕ್ಕೆ ಮಾವ ನನ್ನ ಶೆಡ್ಡಿಗೆ ಬಂದ.

"ಲೇ, ನೀ ನನಗೊಂದು ವಿಮಾನ ಮಾಡಿಕೊಡಬೇಕು."

"ಯಾವ ಊರಿಗೆ ಹೋಗಾಕ ಮಾವ?"

"ನಮ್ಮ ಅಪ್ಪನ ಕೈಯಾಗ ಕೊಡಾಕ. ಫೋಟೋ ಅಂವಗ ಕಾಣಂಗಿಲ್ಲ. ಮುಟ್ಟಿದ್ರ ತಿಳೀತೈತಿ. ನಾ ಹದಿನೈದು ವರ್ಷ ಏನು ಮಾಡಿ ಬಂದೆ ಅನ್ನೋದು ಅಂವಗ ಒಮ್ಮೆ ಗೊತ್ತಾಗಲಿ. ಊರಿಗೆ ಗೊತ್ತಾಗದಿದ್ರ ಸುಡುಗಾಡಿಗೆ ಹೋಗಲಿ."

"ನಾ ಆಟಿಗಿ ಸಾಮಾನು ಮಾಡಂಗಿಲ್ಲ. ಬಜಾರದಾಗ ಪ್ಲಾಸ್ಟಿಕ್ಕಿನವು ಸಿಗ್ತಾವ, ಕೀಲಿ ಕೊಟ್ರ ಓಡ್ತಾವ."

"ಓಡೋದು ನನಗ ಬ್ಯಾಡಲೇ. ಸರಿ ಇರೋದು ಬೇಕು."

ಸರಿ ಇರೋದು ಬೇಕು ಅಂದ ಮೇಲೆ ನಾನು ಒಪ್ಪಿಕೊಂಡೆ. ನನ್ನ ಕಸುಬಿನಲ್ಲಿ ನಾನು ಹೇಳುವ ಮಾತು ಅದು.

ಮಾವ ಸುಣ್ಣದ ಬಳಪ ತೆಗೆದುಕೊಂಡು ಶೆಡ್ಡಿನ ನೆಲದ ಮೇಲೆ, ಎರಡು ಲಾರಿಗಳ ನಡುವೆ, ವಿಮಾನವನ್ನು ಅದರ ಪೂರ್ತಿ ಅಳತೆಯಲ್ಲಿ ಬರೆದ. ಯಾವ ಕಾಗದವನ್ನೂ ನೋಡಲಿಲ್ಲ. ಮೂತಿಯಿಂದ ಶುರುಮಾಡಿ ಬಗ್ಗಿಕೊಂಡೇ ಹಿಂದೆ ಹಿಂದೆ ಹೋಗಿ ಬಾಲದ ಹತ್ತಿರ ಸೊಂಟ ಹಿಡಿದುಕೊಂಡು ಎದ್ದ. ನೋಡಿದರೆ ನಮ್ಮ ಲಾರಿಗಿಂತ ಸ್ವಲ್ಪ ಉದ್ದ, ಅಷ್ಟೇ. ಯುದ್ಧ ಗೆದ್ದ ವಿಮಾನ ಇಷ್ಟೇನಾ ಅನ್ನಿಸಿತು. ಎತ್ತರ ಕೇಳಿದೆ. ಏಣಿ ಬೇಕಾಗಿರಲಿಲ್ಲ, ನೆಲದ ಮೇಲೆ ನಿಂತೇ ಕೆಲಸ ಮಾಡುತ್ತಿದ್ದೆವು ಅಂದ.

"ಅದಕ್ಕ ಊರಾಗ ಯಾರೂ ನಂಬವಲ್ರು ನೋಡು. ಏಣಿ ಇಲ್ಲದ ವಿಮಾನ ಅಂದ್ರ ಯಾರು ನಂಬ್ತಾರ?"

"ನಂಬಬ್ಯಾಡ. ಒಂದು ಅಡಿಗೆ ಒಂದು ಇಂಚು ಹಿಡಿ, ಮಾಡು."

ಅಡಿಗೆ ಇಂಚಿನ ಲೆಕ್ಕ ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಕೈ ಚಿಕ್ಕದು ಮಾಡಿಕೊಳ್ಳುವುದು. ದಿನವೆಲ್ಲ ಮತ್ತಿ ಮರದ ತೊಲೆ ಎತ್ತಿದ ಕೈ, ಬೆಂಡೆಕಾಯಿ ಹಿಡಿದಂತೆ ಉಳಿ ಹಿಡಿಯಬೇಕು. ಮರಕ್ಕೆ ಸಿರುಗುಪ್ಪಕ್ಕೆ ಹೋದೆ. ಒಂದು ಹಳೆಯ ಗಿರಣಿ ಬಿಚ್ಚುತ್ತಿದ್ದರು. ನಾನು ಚಿಕ್ಕಂದಿನಲ್ಲಿ ರಿಪೇರಿ ಮಾಡಿದ ತೇಗದ ದೋಣಿಯೊಂದು ಹೊರಗೆ ಬಿಸಿಲಿಗೆ ಬಿದ್ದಿತ್ತು. ಎಷ್ಟೋ ಸುಗ್ಗಿಯ ಭತ್ತ ಜಾರಿ ಜಾರಿ ಅದರ ಒಳಮೈ ಎಣ್ಣೆ ಹಚ್ಚಿದ ಹಾಗೆ ನುಣ್ಣಗಾಗಿತ್ತು. ಅದನ್ನೇ ತಂದೆ. ಮುಟ್ಟಿ ನೋಡುವವನಿಗೆ ಮಾಡುವ ವಸ್ತು, ಮುಟ್ಟಲು ಚಂದ ಇರಬೇಕಲ್ಲ.

ಮಾವ ವಾರಕ್ಕೊಮ್ಮೆ ಬಂದು ಕಣ್ಣು ಮುಚ್ಚಿಕೊಂಡು ಮರದ ಮೇಲೆ ಕೈಯಾಡಿಸುತ್ತಿದ್ದ. ವಾಯುಸೇನೆಯಲ್ಲೂ ಹೀಗೇ ನೋಡುತ್ತಿದ್ದರಂತೆ. ರಿವೆಟ್ಟಿನ ತಲೆ ಕೂದಲೆಳೆಯಷ್ಟು ಮೇಲೆದ್ದರೂ ಕೈಗೆ ತಾಕುತ್ತದೆ, ಕಣ್ಣಿಗೆ ಕಾಣುವುದಿಲ್ಲ. "ಇಲ್ಲಿ ತಾಕ್ತು" ಅನ್ನುತ್ತಿದ್ದ. ನಾನು ಮತ್ತೆ ಪಾಲಿಶ್ ಕಾಗದ ಉಜ್ಜುತ್ತಿದ್ದೆ. ಮೂತಿಯ ಎರಡೂ ಪಕ್ಕಕ್ಕೆ ಗಾಳಿ ಎಳೆದುಕೊಳ್ಳುವ ಬಾಯಿ ಕೊರೆದೆ. ಅವುಗಳ ಅಂಚಿನಲ್ಲಿ ತೋಪಿನ ಕಿಂಡಿ ಒಂದೊಂದು. ಪೈಲಟ್ಟು ಕೂರುವ ಜಾಗದ ಗಾಜಿಗೆ ಲಾರಿಯ ಪಕ್ಕದ ದೀಪದ ಬಿಳಿ ಮುಚ್ಚಳ ಕತ್ತರಿಸಿ ಕೂಡಿಸಿದೆ. ಹೊಟ್ಟೆಯ ಕೆಳಗೆ ಮೂರು ಸಣ್ಣ ಗಾಲಿ, ರಬ್ಬರ್ ಬುಷ್ ಕೊಯ್ದು ಮಾಡಿದ್ದು.

ಕೊನೆಗೆ ರೆಕ್ಕೆ. ಮಾವ ಆ ವಾರ ಬಂದಿರಲಿಲ್ಲ. ರೆಕ್ಕೆಗಳನ್ನು ಹಿಂದಕ್ಕೆ ವಾಲಿಸಿ ಮಾಡಿಟ್ಟಿದ್ದೆ, ಮೈಗೆ ಕೂಡಿಸುವುದು ಉಳಿದಿತ್ತು. ಇಲ್ಲಿ ನನ್ನ ಕಸುಬಿನ ಮಾತು ಒಂದು ಹೇಳಬೇಕು. ಲಾರಿ ಕ್ಯಾಬಿನ್ನಿನ ತಲೆಯ ಮೇಲೆ, ತಾಡಪಾಲು, ಹಗ್ಗ ಇಡುವ ಚಾಚು ಇರುತ್ತದೆ. ಹಿಂದುಗಡೆ ಮಾತ್ರ ಆಸರೆ, ಮುಂದಿನ ತುದಿ ಗಾಳಿಯಲ್ಲಿ. ಅಂಥದನ್ನು ನೆಟ್ಟಗೆ ಕೂಡಿಸಿದರೆ ಭಾರಕ್ಕೆ ವರ್ಷದೊಳಗೆ ಜೋತುಬೀಳುತ್ತದೆ. ಅದಕ್ಕೆ ನಾವು ತುದಿಯನ್ನು ಒಂದು ಬೆರಳು ಮೇಲೆತ್ತಿಯೇ ಕೂಡಿಸುತ್ತೇವೆ. ಬರಬರುತ್ತ ತಾನೇ ಇಳಿದು ಮಟ್ಟಕ್ಕೆ ಬರುತ್ತದೆ. ಬಳ್ಳಾರಿಯ ಯಾವ ಶೆಡ್ಡಿನಲ್ಲಿ ಕೇಳಿದರೂ ಇದನ್ನೇ ಹೇಳುತ್ತಾರೆ. ರೆಕ್ಕೆಯೂ ಒಂದು ಕಡೆ ಆಸರೆ, ಇನ್ನೊಂದು ಕಡೆ ಗಾಳಿ. ಎರಡನ್ನೂ ತುದಿ ಎತ್ತಿ ಕೂಡಿಸಿ ಬೆಣೆ ಬಡಿದೆ. ಸ್ಟುಡಿಯೋದ ರಟ್ಟಿನ ವಿಮಾನಕ್ಕೂ ರೆಕ್ಕೆ ಮೇಲೆದ್ದೇ ಇದ್ದವು.

ಪೇಂಟರ್ ಭಾಯಿ ಅಲ್ಯುಮಿನಿಯಂ ಬಣ್ಣ ತೆಳ್ಳಗೆ ಹೊಡೆದ. ಅಷ್ಟಕ್ಕೆ ನಿಲ್ಲುವ ಆಸಾಮಿಯಲ್ಲ ಅವನು. ನನ್ನ ಶೆಡ್ಡಿನ ಎಲ್ಲ ಲಾರಿಗಳ ಹಿಂದೆ ಬರೆಯುವವನು. ಬ್ರಶ್ಶು ಹಿಡಿದು ವಿಮಾನದ ಬಾಲದ ಹತ್ತಿರ ಬಂದ.

"ಉಸ್ತಾದ್, ಹಿಂದ್ಗಡೆ 'ಹಾರ್ನ್ ಮಾಡಿ' ಬರೀಲಾ?"

"ಇದರ ಹಿಂದ ಯಾರು ಬರ್ತಾರಪ್ಪ ಹಾರ್ನ್ ಮಾಡಾಕ?"

"ದುಶ್ಮನ್ ಬರ್ತಾನಲ್ಲ."

ಬರೆಯಗೊಡಲಿಲ್ಲ. ಆದರೆ ಶೆಡ್ಡಿನ ಪದ್ಧತಿ ಬಿಡುವಂತಿಲ್ಲ. ಊದುಬತ್ತಿ ಹಚ್ಚಿ, ಕುಂಕುಮ ಇಟ್ಟು, ಮೂರು ಗಾಲಿಗಳ ಕೆಳಗೂ ನಿಂಬೆಹಣ್ಣು ಇಟ್ಟೆವು. ನಿಂಬೆಹಣ್ಣು ಗಾಲಿಗಿಂತ ದೊಡ್ಡದಾಗಿ ವಿಮಾನ ಅದರ ಮೇಲೆ ಕೂತುಬಿಟ್ಟಿತು. ಹತ್ತಿಸಿ ಜಜ್ಜಲು ಆಗಲಿಲ್ಲ, ಚಾಕುವಿನಿಂದ ಕೊಯ್ದೆವು.

ಆವಾಗಲೇ ಮಾವ ಬಂದ. ನೋಡಿದ. ಕುಂಕುಮವನ್ನೂ ನೋಡಿದ. ಎದುರಿಗೆ ಕುಕ್ಕರಗಾಲಲ್ಲಿ ಕೂತು ರೆಕ್ಕೆಗಳ ಮಟ್ಟಕ್ಕೆ ಕಣ್ಣು ಹಿಡಿದ.

"ರೆಕ್ಕಿ ಮ್ಯಾಲ ಎದ್ದಾವಲ್ಲಲೇ."

"ಎತ್ತೇ ಕೂಡಿಸೀನಿ. ತಾವೇ ಇಳೀತಾವ."

"ಇದರ ರೆಕ್ಕಿ ಕೆಳಗ ಬಾಗಿರಬೇಕು. ಹೆಗಲಿಂದ ತುದಿಗೆ ಇಳಿಜಾರು. ಅದು ಹಂಗೇ ಹುಟ್ಟಿದ್ದು."

"ಜೋತುಬಿದ್ದಂಗ ಕಾಣ್ತೈತಿ ಮಾವ. ಜೋತುಬಿದ್ದದ್ದು ನನ್ನ ಶೆಡ್ಡಿನಿಂದ ಹೊರಗ ಹೋಗಂಗಿಲ್ಲ."

ಸ್ವಲ್ಪ ಜೋರಾಗಿಯೇ ಮಾತಾಡಿಕೊಂಡೆವು. ನಾನೆಷ್ಟು ಲಾರಿ ಕಟ್ಟೀನಿ ಗೊತ್ತೇನು ಅಂತ ನಾನು, ನಾನೆಷ್ಟು ವಿಮಾನ ಎಬ್ಬಿಸಿ ಕಳಿಸೀನಿ ಗೊತ್ತೇನು ಅಂತ ಅವನು. ಪೇಂಟರ್ ಭಾಯಿ ಬ್ರಶ್ಶು ತೊಳೆಯುವ ನೆಪದಲ್ಲಿ ಹೊರಗೆ ಹೋದ. ಕಡೆಗೆ ಮಾವನೇ ಕೈಬಿಟ್ಟ. ಆದರೆ ಬಿಟ್ಟದ್ದು ನನ್ನ ಮಾತಿಗಲ್ಲ.

"ಹೋಗಲಿ ಬಿಡು. ನಾ ಹೇಳಿದ್ದು ನಮ್ಮ ಅಪ್ಪ ಯಾವತ್ತು ಕೇಳ್ಯಾನ? ರೆಕ್ಕಿ ಮ್ಯಾಲ ಅದಾವೋ ಕೆಳಗ ಅದಾವೋ ಅಂವಗೇನು ಗೊತ್ತು. ವಿಮಾನ ಅಂತ ತಿಳಿದ್ರ ಸಾಕು."

ಹೊಸ ಪಂಚೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆವು. ಬಾಲ ಮಾತ್ರ ಹೊರಗೆ ಇಣುಕುತ್ತಿತ್ತು. ಕಂಡಕ್ಟರು ಬಂದು ಏನಿದು ಅಂದ. ವಿಮಾನ ಅಂದೆ.

"ಸ್ವಂತ ವಿಮಾನ ಇಟ್ಕೊಂಡು ಬಸ್ಸಿಗೆ ಯಾಕ ಬರ್ತೀರಿ?" ಅಂದು ಮುಂದಿನ ಸೀಟಿಗೆ ಹೋದ. ಕುರುಗೋಡಿನ ತನಕ ಮಾವ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಮನೆಯಲ್ಲಿ ಅಕ್ಕ ಪಂಚೆ ಬಿಚ್ಚಿ ನೋಡಿ, "ಇಬ್ಬರೂ ಸೇರಿ ಇಷ್ಟು ದಿನ ಈ ಕೋಳಿ ಮಾಡಿದ್ರೇನು?" ಅಂದಳು. ಅಜ್ಜ ಹೊರಸಿನ ಮೇಲೆ ಕೂತಿದ್ದ. ಮಾವ ಮುಂದೆ ಹೋಗಲೇ ಇಲ್ಲ, ಬಾಗಿಲ ಕಂಬಕ್ಕೆ ಆತು ನಿಂತ. ನಾನೇ ತೆಗೆದುಕೊಂಡು ಹೋಗಿ ಅಜ್ಜನ ತೊಡೆಯ ಮೇಲಿಟ್ಟೆ.

"ಅಜ್ಜ, ನಿಮ್ಮ ಮಗ ನೋಡ್ಕೊಂತಿದ್ದ ವಿಮಾನ ಇದು. ಒಂದು ಅಡಿಗೆ ಒಂದು ಇಂಚು."

ಅಜ್ಜ ಎತ್ತು ನೋಡುವ ಹಾಗೆ ಮೂತಿಯಿಂದ ಶುರುಮಾಡಿದ. ಮೂತಿ, ಬೆನ್ನು, ಬಾಲ. ಬಾಲದ ಕೆಳಗಿನ ತೂತಿನಲ್ಲಿ ಬೆರಳು ಹಾಕಿ, "ಬೆಂಕಿ ಇಲ್ಲಿಂದ" ಅಂದ. ಹೊಟ್ಟೆಯ ಕೆಳಗೆ ಕೈ ಹಾಕಿ ಗಾಲಿಗಳನ್ನು ಹಿಡಿದು, "ಇವು ಮ್ಯಾಲ ಹೋದ ಮ್ಯಾಗ ಹೊಟ್ಟಿಯೊಳಗ ಹೋಗ್ತಾವ" ಅಂದ. ಅಕ್ಕ ನನ್ನ ಮುಖ ನೋಡಿದಳು. ನಾನು ಹೇಳಿರಲಿಲ್ಲ. ಅಜ್ಜನ ಕೈ ಮತ್ತೆ ಮುಂದಕ್ಕೆ ಬಂದು ಗಾಳಿಯ ಬಾಯಿಗಳನ್ನು ಸವರಿತು. "ಮೂಗಿನ ಹೊಳ್ಳಿ ಎರಡು" ಅಂದು, ಬೆರಳ ತುದಿಯಿಂದ ಅಂಚನ್ನು ಹುಡುಕುತ್ತ ಹೋಗಿ ಆ ಸಣ್ಣ ಕಿಂಡಿಯ ಮೇಲೆ ನಿಲ್ಲಿಸಿದ.

"ತೋಪು ಇಲ್ಲಿ. ಇನ್ನೊಂದು ಆ ಕಡಿ."

ಮಾವ ಕಂಬ ಬಿಟ್ಟು ನೆಟ್ಟಗೆ ನಿಂತ.

ಆಮೇಲೆ ಅಜ್ಜ ಎರಡೂ ಅಂಗೈಗಳನ್ನು ಎರಡು ರೆಕ್ಕೆಗಳ ಕೆಳಗೆ ಹಿಡಿದ, ಹಿಟ್ಟಿನ ಪರಾತ ಎತ್ತುವ ಹಾಗೆ. ತುದಿಯ ತನಕ ಜಾರಿಸಿದ. ಮತ್ತೆ ಬುಡಕ್ಕೆ ಬಂದ. ಮತ್ತೆ ತುದಿಗೆ.

"ರೆಕ್ಕಿ ತಪ್ಪೈತಿ" ಅಂದ.

ಕೈ ಇನ್ನೂ ರೆಕ್ಕೆಯ ತುದಿಯಲ್ಲೇ ಇತ್ತು.

"ಇವು ಮ್ಯಾಲ ಎದ್ದಾವು. ನಮ್ಮ ಹುಡುಗ ಹೇಳಿದ್ದು ಕೆಳಗ ಬಾಗಿರ್ತಾವ ಅಂತ. ಕಟ್ಟಿ ಮ್ಯಾಲ ಕುಂತು ಎಷ್ಟೋ ಸಲ ಹೇಳ್ಯಾನ. ಲೇ ತಮ್ಮ, ಇದು ನೀ ಮಾಡಿದ್ದೇನು?"

"ಹೌದಜ್ಜ. ನಮ್ಮ ಕೆಲಸದಾಗ ತುದಿ ಎತ್ತಿ ಕೂಡಿಸ್ತೀವಿ, ಆಮ್ಯಾಲೆ ತಾನೇ..."

"ನಿಮ್ಮ ಕೆಲಸದಾಗ. ಇದು ನಿಮ್ಮ ಕೆಲಸೇನು? ಅಂವ ಹೇಳಿದ್ದು ಸರಿ. ನೀ ಮಾಡಿದ್ದು ತಪ್ಪು."

ನನ್ನ ಕೆಲಸವನ್ನು ತಪ್ಪು ಅಂದವನು ಅವನೊಬ್ಬನೇ. ಅಜ್ಜನಿಗೆ ಉತ್ತರ ಕೊಡುವ ಮುಂಚೆ ಮಾವನ ಕಡೆ ತಿರುಗಿದೆ. ಮಾವ ಗೋಡೆಯ ಕಡೆ ಮುಖ ಮಾಡಿಕೊಂಡು ಏನನ್ನೋ ನೋಡುತ್ತಿದ್ದ. ಅಲ್ಲಿ ನೋಡಲು ಏನೂ ಇರಲಿಲ್ಲ, ಒಂದು ಮೊಳೆಗೆ ಎತ್ತಿನ ಹಗ್ಗ ತೂಗುಹಾಕಿತ್ತು.

ಬಳ್ಳಾರಿಗೆ ಒಯ್ದು ಸರಿಮಾಡಿ ತರುತ್ತೇನೆ ಅಂದೆ. ಅಜ್ಜ ವಿಮಾನವನ್ನು ಕೈಯಿಂದ ಬಿಡಲಿಲ್ಲ, ಇಲ್ಲೇ ಮಾಡು ಅಂದ. ಪುಣ್ಯಕ್ಕೆ ಸರೇಸಿನ ಅಂಟು ಹಚ್ಚಿರಲಿಲ್ಲ, ಬರೀ ಬೆಣೆ. ಪಕ್ಕದ ಓಣಿಯಿಂದ ಉಳಿ, ಕೊಡತಿ ತರಿಸಿ ಅಂಗಳದಲ್ಲಿ ಕೂತೆ. ಬೆಣೆ ಬಿಚ್ಚಿ, ರೆಕ್ಕೆ ಮೈಗೆ ಸೇರುವ ಜಾಗ ಕೆತ್ತಿ, ತುದಿ ಇಳಿಸಿ ಹಿಡಿದೆ. ಅಜ್ಜ ಮುಟ್ಟಿ ನೋಡಿದ.

"ಎಷ್ಟು ಇಳೀಬೇಕು?"

ನನ್ನನ್ನು ಕೇಳಿದ್ದಲ್ಲ. ಮುಖ ಮಗ ನಿಂತಿದ್ದ ದಿಕ್ಕಿಗಿತ್ತು. ಅಕ್ಕ ಒಳಗಿನಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತಳು. ಅಜ್ಜ ಮಗನನ್ನು ಒಂದು ಪ್ರಶ್ನೆ ಕೇಳಿದ್ದನ್ನು ಆ ಮನೆಗೆ ಬಂದಾಗಿನಿಂದ ಅವಳು ಕಂಡಿರಲಿಲ್ಲ.

ಮಾವ ತನ್ನ ಕೈ ಮುಂದೆ ಚಾಚಿ, "ಇಷ್ಟಪ್ಪ" ಅಂತ ಬಾಗಿಸಿ ತೋರಿಸಿದ. ತೋರಿಸಿದ ಮೇಲೆ ನೆನಪಾಯಿತು. ಹತ್ತಿರ ಬಂದು ಕೂತು, ಅಪ್ಪನ ಕೈ ಹಿಡಿದು ನೆಟ್ಟಗೆ ಮಾಡಿ, ಮಣಿಕಟ್ಟಿನ ಹತ್ತಿರ ಸ್ವಲ್ಪ ಕೆಳಗೆ ಬಾಗಿಸಿದ. ಅಜ್ಜ ಆ ಕೈಯನ್ನು ಹಾಗೇ ಹಿಡಿದುಕೊಂಡು ನನ್ನ ಕಡೆ ಚಾಚಿದ, ಅಳತೆಗೋಲು ಕೊಡುವ ಹಾಗೆ. ನಾನು ಆ ಕೈ ನೋಡಿ ಕೆತ್ತಿದೆ. ಮುಗಿಯುವ ತನಕ ಅವನು ಕೈ ಇಳಿಸಲಿಲ್ಲ, ಮಾವನೂ ಬಿಡಲಿಲ್ಲ. ಬೆಣೆ ಬಡಿದು ಕೊಟ್ಟೆ. ಅಜ್ಜ ಮತ್ತೆ ಬುಡದಿಂದ ತುದಿಗೆ ಹೋದ.

"ಹೂಂ" ಅಂದ. "ಇದು."

ನನ್ನ ಕಣ್ಣಿಗೆ ಅದು ಜೋತುಬಿದ್ದ ಹಾಗೇ ಕಂಡಿತು. ಈಗಲೂ ಹಾಗೇ ಕಾಣುತ್ತದೆ. ಆದರೆ ಅದು ನನ್ನ ಕೆಲಸವಲ್ಲ ಅಂತ ಅಜ್ಜ ಹೇಳಿಯಾಗಿತ್ತು.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅಜ್ಜನೂ ಹೊರಟ. ಕಣ್ಣು ಹೋದ ಮೇಲೆ ಅವನು ಬಸ್ ಸ್ಟ್ಯಾಂಡಿನ ಹೋಟೆಲಿಗೆ ಬಂದದ್ದು ಕಡಿಮೆ. ಒಂದು ಕೈ ಮಗನ ಹೆಗಲ ಮೇಲೆ, ಇನ್ನೊಂದು ಕಂಕುಳಲ್ಲಿ ವಿಮಾನ. ಶೇಂಗಾ ವ್ಯಾಪಾರಿ ಬೆಂಚಿನ ಮೇಲೆ ಇದ್ದೇ ಇದ್ದ. ಅವನು ಇಲ್ಲದ ಹೊತ್ತು ಆ ಹೋಟೆಲಿಗೆ ಇರಲಿಲ್ಲ.

"ಏನ್ರಿ ಯಜಮಾನ್ರ, ಮೊಮ್ಮಕ್ಕಳ ಆಟಿಗಿ ಹಿಡ್ಕೊಂಡು ಹೊಂಟೀರಿ?"

ಅಜ್ಜ ದನಿಯ ಜಾಡು ಹಿಡಿದು ಅವನ ಪಕ್ಕವೇ ಹೋಗಿ ಕೂತ.

"ನೀ ಬೆಂಗಳೂರಿಗೆ ಹೋದಾಗ ಇಂವ ಆಲೂಗಡ್ಡಿ ಸುಲೀತಿದ್ದನೇನು?"

"ಸುಲೀತಿದ್ದ್ರಿ. ಈ ಕಣ್ಣಿಲೆ ನೋಡೀನಿ."

"ಖರೆ. ನಿನಗ ಕಣ್ಣು ಅದಾವು, ಆಲೂಗಡ್ಡಿ ನೋಡಿ ಬಂದಿ. ಈಗ ಮುಚ್ಚು."

ವ್ಯಾಪಾರಿ ಸುತ್ತಲೂ ನೋಡಿದ. ಯಾರೂ ನಗಲಿಲ್ಲ. ಕಣ್ಣು ಮುಚ್ಚಿದ. ಅಜ್ಜ ವಿಮಾನವನ್ನು ಅವನ ತೊಡೆಯ ಮೇಲಿಟ್ಟು, ಅವನ ಕೈಯನ್ನು ತಾನೇ ಹಿಡಿದು ನಡೆಸಿದ. ಬೆಂಕಿ ಇಲ್ಲಿಂದ, ಗಾಲಿ ಇಲ್ಲಿ, ಹೊಳ್ಳಿ ಇವು, ತೋಪು ಇಲ್ಲಿ. ಹೋಟೆಲಿನವನು ಒಲೆ ಬಿಟ್ಟು ಬಂದು ನಿಂತ. ವ್ಯಾಪಾರಿಯ ಕೈ ರೆಕ್ಕೆಗೆ ಬಂದಾಗ ಅಜ್ಜ ಬಿಟ್ಟುಬಿಟ್ಟ. ಅವನು ಕಣ್ಣು ಮುಚ್ಚಿಕೊಂಡೇ ಬುಡದಿಂದ ತುದಿಗೆ ಸವರಿದ.

"ರೆಕ್ಕಿ ಯಾಕ್ರಿ ಕೆಳಗ ಬಾಗ್ಯಾವು?"

"ಅದು ನನಗೇನು ಗೊತ್ತು" ಅಂದ ಅಜ್ಜ. "ನಾ ಎತ್ತು ನೋಡೋನು. ಅವನ್ನ ಕೇಳು, ಅದು ಅವನ ಕೆಲಸ."

ಮಾವ ಹೇಳಲು ಶುರುಮಾಡಿದ. ಗಾಳಿ, ತೂಕ, ತಿರುವು ಅಂತ ಬಹಳ ಹೊತ್ತು ಹೇಳಿದ. ಯಾರಿಗೂ ತಿಳಿಯಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ನನ್ನ ಬಸ್ಸು ಬಂತು. ನಾನು ಹತ್ತುವಾಗ ಅಜ್ಜ ಗೋಡೆಯ ಕಡೆ ತಿರುಗಿ ಕೂತು ಕೇಳುತ್ತಿದ್ದ.